ಕಿತ್ಫೊ ಶಿತಾಯೆಯ ಮೊದಲ ತುತ್ತು

ಶಿತಾಯೆ ಎಂಥ ಹೆಂಗಸು ಎಂದು ಅಡಿಸ್ ಅಬಾಬಾದ ಆಚೆಯ ನಮ್ಮ ವೊಲ್ಕಿತೆ ಊರಿನಲ್ಲಿ ಯಾರನ್ನು ಕೇಳಿದರೂ ಎರಡು ಮಾತು ಹೇಳುತ್ತಾರೆ. ಒಂದು, ಅವಳ ಕೈಯ ಕಿತ್ಫೊ ತಿಂದವರು ಮತ್ತೆಲ್ಲೂ ಬಾಯಿ ಹಾಕುವುದಿಲ್ಲ. ಎರಡು, ಅವಳಷ್ಟು ಹೇಸುವ ಹೆಂಗಸು ಇಡೀ ಗುರಾಗೆ ಸೀಮೆಯಲ್ಲಿ ಇನ್ನೊಬ್ಬಳಿಲ್ಲ. ಲೋಟವನ್ನು ಮೂರು ಸಲ ತೊಳೆಯುತ್ತಾಳೆ. ಮಾಂಸದ ಮೇಲೆ ನೊಣ ಕೂತರೆ ಆ ಮೂಲೆಯನ್ನೇ ಕೆತ್ತಿ ನಾಯಿಗೆ ಎಸೆಯುತ್ತಾಳೆ. ಎದುರಿಗೆ ಕೂತವರು ಕೆಮ್ಮಿದರೆ ಮುಖ ಸಿಂಡರಿಸಿಕೊಂಡು ಎದ್ದು ಹೋಗುತ್ತಾಳೆ. ಬೆರಳು ನೆಕ್ಕಿದ ಕೈಯಲ್ಲಿ ಗಿರಾಕಿ ಬಾಗಿಲು ಮುಟ್ಟಿದನೋ, ಅವನು ಬೀದಿ ದಾಟುವ ಮೊದಲೇ ಆ ಬಾಗಿಲಿಗೆ ಬೂದಿ ನೀರು ಬಿದ್ದಿರುತ್ತದೆ. ಒಲೆಯ ಮನೆಗೆ ಧೂಳು ಬರುತ್ತದೆಂದು ಚಪ್ಪಲಿಯನ್ನು ಹೊಸ್ತಿಲ ಹೊರಗೇ ಬಿಡುವವಳು. ಹಿತ್ತಲಿಗೂ ಬರಿಗಾಲಲ್ಲೇ ಹೋಗಿ ಬಂದು ಕಾಲು ತೊಳೆದುಕೊಳ್ಳುವವಳು.

ಇಂಥವಳ ಹೊಟ್ಟೆಯಲ್ಲೇ ಆ ಹೊಲಸು ಮನೆ ಮಾಡಿಕೊಂಡು ಕೂತಿತ್ತು. ಹೇಳುವುದಕ್ಕೇ ವಾಕರಿಕೆ ಬರುತ್ತದೆ. ಆದರೂ ಹೇಳಿಬಿಡುತ್ತೇನೆ.

ಬಸ್ ನಿಲ್ದಾಣದ ಹಿಂದೆ, ಎರಡು ಬೆಂಚು, ನಾಲ್ಕು ಮುಕ್ಕಾಲಿಗಳ ಸಣ್ಣ ಅಂಗಡಿ ಅವಳದು. ದನದ ಹಸಿ ಮಾಂಸವನ್ನು ನುಣ್ಣಗೆ ಕೊಚ್ಚಿ, ಮಸಾಲೆ ಹಾಕಿ ಕಾಯಿಸಿದ ಬೆಣ್ಣೆ ಸುರಿದು, ಮಿತ್ಮಿತ ಖಾರ ಉದುರಿಸಿ ಬೆರೆಸಿದರೆ ಕಿತ್ಫೊ. ಬೆಂಕಿಗೆ ತೋರಿಸಿದರೆ ಅದು ಕಿತ್ಫೊ ಅಲ್ಲ, ರೋಗಿಯ ಊಟ ಎಂದು ನಮ್ಮವರು ಮೂಗು ಮುರಿಯುತ್ತಾರೆ. ಬೆರೆಸಿದವಳು ಮೊದಲ ತುತ್ತನ್ನು ಎಲ್ಲರೆದುರು ತನ್ನ ಬಾಯಿಗೆ ಹಾಕಿಕೊಳ್ಳಬೇಕು. ಆಮೇಲೇ ಬಡಿಸಬೇಕು. ಅವಳ ಅಮ್ಮನೂ ಹಾಗೇ ಮಾಡಿದಳು, ಅಜ್ಜಿಯೂ ಹಾಗೇ ಮಾಡಿದಳು. ಬಡಿಸುವವಳು ಬಾಯಿಗಿಡದ ಮಾಂಸವನ್ನು ಯಾವ ಗುರಾಗೆ ಗಂಡಸೂ ಮುಟ್ಟುವುದಿಲ್ಲ. ಶಿತಾಯೆ ಕೊಂಬಿನ ಚಮಚೆಯಲ್ಲಿ ಒಂದಿಷ್ಟು ತೆಗೆದು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ತಲೆ ಆಡಿಸುತ್ತಿದ್ದಳು. ಅದನ್ನು ನೋಡುವುದಕ್ಕೆಂದೇ ಬರುವವರಿದ್ದರು.

ಅಂಥವರಲ್ಲಿ ಮೊದಲಿಗರು ಜೆರ್ಗಾ, ಊರಿಗೆಲ್ಲ ಗಾಶೆ, ಅಂದರೆ ದೊಡ್ಡಪ್ಪ. ಸತ್ತವರನ್ನು ಮಣ್ಣು ಮಾಡುವ ನಮ್ಮ ಕೇರಿಯ ಸಂಘಕ್ಕೆ, ಇದ್ದಿರ್‌ಗೆ, ಅವರೇ ಯಜಮಾನರು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. ಎರಡು ತಿಂಗಳಿಗೊಮ್ಮೆ ತಪ್ಪದೆ ಕೊಸ್ಸೊ ಮರದ ಹೂವು ಅರೆದು ಕುಡಿದು ಲಾಡಿಹುಳ ಇಳಿಸಿಕೊಳ್ಳುತ್ತಿದ್ದರು. ಮಾರನೆಯ ದಿನ ಬಂದು, ತಿನ್ನುವವರ ನಡುವೆಯೇ ಅದರ ವರದಿ ಒಪ್ಪಿಸುತ್ತಿದ್ದರು.

"ಈ ಸಲ ಎಂಟು ಮೊಳ ಕಣ್ರಯ್ಯಾ! ತಲೆ ಸಮೇತ! ಕಡ್ಡೀಲಿ ಎತ್ತಿ ನೋಡ್ದೆ, ಇನ್ನೂ ಕುಣೀತಿತ್ತು ಮುಂಡೇದು."

"ನಂದು ಆರೇ ಮೊಳ ಗಾಶೆ. ತಲೆ ಒಳಗೇ ಉಳ್ಕೊಂಡ್ಬಿಡ್ತು."

"ತಲೆ ಉಳಿದ್ರೆ ಏನು ಪ್ರಯೋಜನ? ಮುಂದಿನ ಸಲ ಎರಡು ಲೋಟ ಕುಡಿ."

ಥೂ. ಬಾಯಲ್ಲಿ ಹಸಿ ಮಾಂಸ, ಮಾತಲ್ಲಿ ಹುಳ. ಇವರಿಗೆ ನಾಚಿಕೆಯೂ ಇಲ್ಲ, ಹೇಸಿಗೆಯೂ ಇಲ್ಲ. ಹಸಿ ಮಾಂಸ ತಿನ್ನುವ ಮನೆತನಕ್ಕೆ ಅದು ಮರ್ಯಾದೆಯ ಹುಳ. ಆದರೆ ಇದೇ ಬಾಯಿಗಳು ಎಚ್‌ಐವಿ ಎಂಬ ಮಾತು ಬಂದರೆ ಕೈ ಅಡ್ಡ ಹಿಡಿದು ಪಿಸುಗುಡುತ್ತವೆ.

ಶಿತಾಯೆಯ ರಕ್ತದಲ್ಲಿ ಅದೂ ಇತ್ತು. ಲಾರಿ ಓಡಿಸುತ್ತಿದ್ದ ಗಂಡ ಮೊಗೆಸ್ ಒಂಬತ್ತು ವರ್ಷದ ಹಿಂದೆ ಒಣಗಿ ಒಣಗಿ ಸತ್ತಾಗ ಊರಿಗೆಲ್ಲ ಶ್ವಾಸಕೋಶದ ಕಾಯಿಲೆ ಎಂದು ಹೇಳಿದ್ದಳು. ಆಮೇಲೆ ತನ್ನ ರಕ್ತ ತೋರಿಸಿಕೊಂಡಳು. ನಮ್ಮೂರಲ್ಲಿ ತೋರಿಸಿಕೊಂಡರೆ ಸಾಯಂಕಾಲದೊಳಗೆ ಬಸ್ ನಿಲ್ದಾಣಕ್ಕೆ ಗೊತ್ತಾಗುತ್ತದೆಂದು ಮುಂದಿನ ಪಟ್ಟಣ ವೊಲಿಸೊದ ಆಸ್ಪತ್ರೆಗೆ ಹೋದಳು. ಅಂದಿನಿಂದ ಮೂರು ತಿಂಗಳಿಗೊಮ್ಮೆ, ಬೆಣ್ಣೆ ಅಲ್ಲಿಯದೇ ಚೆನ್ನ ಎಂಬ ನೆಪ ಮಾಡಿ, ಮುಚ್ಚಳದ ಬುಟ್ಟಿ ಹಿಡಿದು ಮಿನಿಬಸ್ ಹತ್ತುತ್ತಾಳೆ. ಬೆಣ್ಣೆಯ ಮುದ್ದೆಯ ಕೆಳಗೆ ಮಾತ್ರೆಯ ಡಬ್ಬಿ ಬರುತ್ತದೆ. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಒಂದು ಮಾತ್ರೆ. ಒಂಬತ್ತು ವರ್ಷದಲ್ಲಿ ಈ ಗುಟ್ಟು ಯಾರಿಗೂ ತಿಳಿದಿಲ್ಲ ಎಂದು ಅವಳು ನಂಬಿದ್ದಳು.

ಬಿರ್ಕೆಯದು ಬೇರೆ ದಾರಿ. ಬೆಟ್ಟದಿಂದ ಸೌದೆ, ಹಿತ್ತಿಲುಗಳಿಂದ ಕಾಡುಬಾಳೆಯ ಎಲೆ ತಂದು ಅಂಗಡಿಗಳಿಗೆ ಹಾಕುವವಳು ಅವಳು. ಮೂವತ್ತು ದಾಟಿರಲಿಕ್ಕಿಲ್ಲ. ತನಗೆ ಎಚ್‌ಐವಿ ಇದೆ, ಮಾತ್ರೆ ತಗೊಳ್ತೀನಿ, ಗಟ್ಟಿಯಾಗಿದ್ದೀನಿ ಎಂದು ಕೇಳಿದವರಿಗೆ ಕೇಳದವರಿಗೆ ಹೇಳಿಕೊಂಡು ನಗುವವಳು. ಶಿತಾಯೆ ಅವಳನ್ನು ಹಿಂದಿನ ಬಾಗಿಲಿನ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಸೌದೆ ಇಳಿಸಿದ ಮೇಲೆ ಒಂದು ಬಟ್ಟಲು ಕಾಫಿ ಕೊಡುವುದು ರೂಢಿ. ಬಿರ್ಕೆಗೆಂದು ಬಾಯಿ ಮುಕ್ಕಾದ ಒಂದು ಪಿಂಗಾಣಿ ಬಟ್ಟಲನ್ನು ಹೊರಗೋಡೆಯ ಗೂಡಿನಲ್ಲಿ ಇಟ್ಟಿದ್ದಳು. ಅವಳು ಕುಡಿದಿಟ್ಟ ಕೂಡಲೇ, ಅವಳ ಕಣ್ಣೆದುರೇ, ಬೂದಿ ಹಾಕಿ ಮೂರು ಸಲ ತಿಕ್ಕುತ್ತಿದ್ದಳು.

"ಎತಿಯೆ, ಅಕ್ಕಾ, ಒಂದು ಸಲ ತೊಳೆದ್ರೆ ಸಾಕಲ್ವಾ? ಬಟ್ಟಲು ಸವೆದು ಹೋಗುತ್ತೆ," ಎಂದು ಬಿರ್ಕೆ ನಗುತ್ತಿದ್ದಳು.

"ಸವೆದ್ರೆ ಸವೀಲಿ. ನಿಂಗ್ಯಾಕೆ?"

ತನ್ನ ರಕ್ತದಲ್ಲಿರುವುದೇ ಅವಳ ರಕ್ತದಲ್ಲಿರುವುದು ಎಂದು ಶಿತಾಯೆಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬಟ್ಟಲಿನಿಂದ ಅದು ಅಂಟುವುದಿಲ್ಲ ಎಂದೂ ಗೊತ್ತಿತ್ತು. ಆದರೂ ತಿಕ್ಕುತ್ತಿದ್ದಳು. ಊರು ನೋಡಲಿ ಎಂದು ಅರ್ಧ, ನಿಜವಾಗಿ ಹೇಸಿ ಅರ್ಧ. ಈ ಎರಡನೆಯ ಅರ್ಧವನ್ನು ನಾನು ಕ್ಷಮಿಸಲಾರೆ, ಅವಳನ್ನು ಎಷ್ಟು ಮೆಚ್ಚಿದರೂ.

ಮಳೆಗಾಲಕ್ಕೆ ಮೂರು ವಾರ ಇದ್ದಾಗ ಅದು ನಡೆಯಿತು. ಬೆಳಗಿನ ಕಾಫಿಗೆಂದು ರೂಢಿಯಂತೆ ನೆಲಕ್ಕೆ ಹಸಿ ಹುಲ್ಲು ಹಾಸಿದ್ದಳು. ಜೆರ್ಗಾ ಮತ್ತು ನಾಲ್ಕೈದು ಜನ ಸುತ್ತ ಕೂತಿದ್ದರು. ಶಿತಾಯೆ ಎರಡನೇ ಸುತ್ತಿನ ಕಾಫಿ ಬಗ್ಗಿಸುತ್ತಿದ್ದಾಗ ತೊಡೆಯ ಒಳಗೆ ಏನೋ ಹರಿದಾಡಿದಂತಾಯಿತು. ಬೆವರು ಎಂದುಕೊಂಡಳು. ಬೆವರು ಹೀಗೆ ನಿಂತು ನಿಂತು ಇಳಿಯುವುದಿಲ್ಲ. ಅದು ಮೊಣಕಾಲು ದಾಟಿ, ಮೀನಖಂಡ ದಾಟಿ, ಹುಲ್ಲಿನ ಮೇಲೆ ಬಿತ್ತು. ಬೆಳ್ಳಗಿನ, ಚಪ್ಪಟೆ ತುಂಡು, ನೀರಲ್ಲಿ ನೆನೆಸಿಟ್ಟ ಕುಂಬಳದ ಬೀಜದಂತೆ. ಆದರೆ ಬೀಜ ನಡೆಯುವುದಿಲ್ಲ. ಇದು ತುದಿ ಚಾಚಿ, ಹಿಂದಿನದನ್ನು ಎಳೆದುಕೊಂಡು, ಜೆರ್ಗಾರ ಕಾಲ ಬಳಿಗೆ ಹೊರಟಿತ್ತು.

ಶಿತಾಯೆ ಹಿಮ್ಮಡಿಯನ್ನು ಅದರ ಮೇಲಿಟ್ಟಳು. ಚರ್ಮದಡಿ ಅದು ತಣ್ಣಗೆ ಮಿಸುಕಿ ಪಿಚಕ್ಕನೆ ಒಡೆದದ್ದು ಅವಳಿಗೆ ಗೊತ್ತಾಯಿತು. ಆ ಕಾಲನ್ನು ಎತ್ತದೆಯೇ ಮೂರನೇ ಸುತ್ತಿನ ಕಾಫಿಯನ್ನೂ ಬಗ್ಗಿಸಿದಳು. ಎಲ್ಲರೂ ಹೋದ ಮೇಲೆ ಹುಲ್ಲನ್ನೆಲ್ಲ ಬಳಿದು ಸುಟ್ಟಳು, ನೆಲಕ್ಕೆ ಮೂರು ಸಲ ಸಗಣಿ ಸಾರಿಸಿದಳು, ಉಟ್ಟದ್ದನ್ನು ಒಲೆಗೆ ಹಾಕಿದಳು. ಹಿಮ್ಮಡಿಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ರಕ್ತ ಬರಿಸಿಕೊಂಡಳು.

ಹುಳ ಅವಳಿಗೆ ಹೊಸದಲ್ಲ. ದಿನಾ ಹಸಿ ಮಾಂಸ ಬಾಯಿಗಿಡುವವಳಿಗೆ ಅದು ತಪ್ಪುವುದೂ ಇಲ್ಲ. ಎರಡು ತಿಂಗಳಿಗೊಮ್ಮೆ ಅವಳೂ ಕೊಸ್ಸೊ ಕುಡಿಯುತ್ತಿದ್ದಳು, ಆದರೆ ಬಾಗಿಲು ಹಾಕಿಕೊಂಡು, ಯಾರಿಗೂ ಹೇಳದೆ. ಕೊಸ್ಸೊಗೆ ಅವಳ ಅಮ್ಮ ಹಾಕಿಕೊಟ್ಟ ಪಥ್ಯವಿತ್ತು. ಹಿಂದಿನ ದಿನದಿಂದಲೇ ಬೇರೆ ಯಾವ ಮದ್ದೂ ಹೊಟ್ಟೆಗೆ ಹೋಗಬಾರದು, ಎರಡು ಮದ್ದು ಒಳಗೆ ಜಗಳಕ್ಕೆ ಬಿದ್ದರೆ ಹುಳ ಬಿಟ್ಟು ಮನುಷ್ಯನನ್ನೇ ತಿನ್ನುತ್ತವೆ. ಅಮ್ಮ ಈ ಮಾತು ಹೇಳುವಾಗ ಎಚ್‌ಐವಿ ಮಾತ್ರೆ ಎಂಬುದು ಯಾರ ಕನಸಿನಲ್ಲೂ ಇರಲಿಲ್ಲ. ಶಿತಾಯೆ ಅಮ್ಮನ ಮಾತಿಗೆ ಎದುರಾಡಿದವಳಲ್ಲ. ಪ್ರತಿ ಕೊಸ್ಸೊಗೂ ಆ ಮಾತ್ರೆಯನ್ನು ಮೂರು ದಿನ ಮುಚ್ಚಿಡುತ್ತಿದ್ದಳು.

ಈ ಸಲವೂ ಮುಚ್ಚಿಟ್ಟು ಕುಡಿದಳು. ಕಹಿಗೆ ಕರುಳು ಬಾಯಿಗೆ ಬಂತು. ಹುಳ ಸ್ವಲ್ಪವೇ ಇಳಿಯಿತು. ಕೆನ್ನೆ ಒಳಗೆ ಹೋಯಿತು, ಮಾಂಸ ಕೊಚ್ಚುವಾಗ ಕೈ ನಡುಗತೊಡಗಿತು, ಕಣ್ಣ ರೆಪ್ಪೆಯ ಒಳಗೆ ಸುಣ್ಣ ಬಳಿದಂತೆ ಬಿಳುಪು. ಮುಂದಿನ ಬೆಣ್ಣೆಯ ದಿನ ವೊಲಿಸೊಕ್ಕೆ ಹೋದಾಗ ಅಲ್ಲಿನ ನರ್ಸು, ಸಿಸ್ಟರ್ ರೊಮಾನ್, ರಕ್ತ ತೆಗೆದುಕೊಂಡು ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಅವಳ ಕೈಗಿಟ್ಟಳು.

"ನಾಳೆ ಬೆಳಿಗ್ಗೆ ಇದರಲ್ಲಿ ಮಲ ಹಾಕ್ಕೊಂಡು ಬಾ."

"ಇದರಲ್ಲಾ? ನಾನು ಕೈಯಲ್ಲಿ ಹಿಡ್ಕೊಂಡು ಬರೋದಾ?"

"ತಲೆ ಮೇಲೆ ಹೊತ್ಕೊಂಡು ಬಂದ್ರೂ ನಂಗೇನೂ ಅಭ್ಯಂತರ ಇಲ್ಲ."

ಪರಿಚಯದವರ ಮನೆಯಲ್ಲಿ ಉಳಿದು, ಬೆಳಿಗ್ಗೆ ಆ ಡಬ್ಬಿಯನ್ನು ಏಳು ಸುತ್ತು ಎಲೆಯಲ್ಲಿ ಸುತ್ತಿ, ಅದರ ಮೇಲೆ ಬಟ್ಟೆ ಸುತ್ತಿ, ಬೆಣ್ಣೆಯ ಬುಟ್ಟಿಯಲ್ಲಿಟ್ಟು ತಂದಳು. ಸಿಸ್ಟರ್ ಬಿಚ್ಚುತ್ತಾ ಬಿಚ್ಚುತ್ತಾ, "ಏನಮ್ಮಾ, ಮದುವೆಗೆ ಉಡುಗೊರೆ ತಂದ ಹಾಗೆ ತಂದಿದ್ದೀಯ?" ಎಂದು ನಕ್ಕಳು. ಶಿತಾಯೆ ಗೋಡೆಯ ಕಡೆ ತಿರುಗಿ ಮೂಗು ಮುಚ್ಚಿಕೊಂಡು ನಿಂತಿದ್ದಳು. ಆ ಬುಟ್ಟಿಯಲ್ಲಿ ಮತ್ತೆ ಅವಳು ಬೆಣ್ಣೆ ತರಲಿಲ್ಲ, ಸುಟ್ಟುಹಾಕಿದಳು.

ರಕ್ತದ ಫಲಿತಾಂಶ ಬರಲು ಎರಡು ವಾರ ಹಿಡಿಯಿತು. ಮತ್ತೆ ಹೋದಳು. ಆ ದಿನ ಸಿಸ್ಟರ್ ನಗಲಿಲ್ಲ.

"ಹೊಟ್ಟೇಲಿ ಲಾಡಿಹುಳ ಇದೆ. ಕೊಕ್ಕೆಹುಳಾನೂ ಇದೆ, ರಕ್ತ ಕುಡೀತಿರೋದು ಅದು. ಬರಿಗಾಲಲ್ಲಿ ಓಡಾಡ್ತೀಯಾ?"

"ನಾನಾ? ನನ್ನಂಥ ಚೊಕ್ಕಟದೋಳು..." ಎನ್ನುತ್ತಲೇ ಹಿತ್ತಲು ನೆನಪಾಗಿ ಅವಳು ಬಾಯಿ ಮುಚ್ಚಿದಳು.

"ಇವಕ್ಕೆಲ್ಲ ಮಾತ್ರೆ ಇದೆ, ಬಿಡು. ವಿಷಯ ಅದಲ್ಲ. ರಕ್ತದಲ್ಲಿ ವೈರಸ್ ಏರಿದೆ. ನಿನ್ನ ಮಾತ್ರೆ ಬಿಡ್ತಿದ್ದೀಯ."

"ಮರಿಯಮ್ ತಾಯಿ ಆಣೆ ಸಿಸ್ಟರ್, ಒಂದಿನಾನೂ ಬಿಟ್ಟಿಲ್ಲ."

"ಒಂದಿನಾನೂ?"

"ಕೊಸ್ಸೊ ಕುಡಿಯೋವಾಗ ಬಿಟ್ಟು."

ಸಿಸ್ಟರ್ ಪೆನ್ನು ಕೆಳಗಿಟ್ಟಳು. "ಎಷ್ಟು ದಿನ?"

"ಮೂರು. ಸುಸ್ತು ಇಳೀಲಿಲ್ಲ ಅಂದ್ರೆ ನಾಲ್ಕೋ ಐದೋ."

"ವರ್ಷಕ್ಕೆ ಎಷ್ಟು ಸಲ?"

"ಆರು." ಶಿತಾಯೆ ತಗ್ಗಿದ ದನಿಯಲ್ಲಿ ಹೇಳಿದಳು. "ಅಮ್ಮ ಹೇಳಿದ್ದಳು, ಎರಡು ಮದ್ದು..."

"ಕೇಳಿಲ್ಲಿ ಶಿತಾಯೆ. ಆ ಲಾಡಿಹುಳ ನಿನ್ನ ಕೊಲ್ಲಲ್ಲ. ಅದಕ್ಕೋಸ್ಕರ ಮಾತ್ರೆ ಬಿಡ್ತೀಯಲ್ಲ, ಅದು ಕೊಲ್ಲುತ್ತೆ. ಇನ್ನೂ ಹೀಗೇ ಮಾಡಿದ್ರೆ ವೈರಸ್ಸು ಈ ಮಾತ್ರೆಗೆ ಸೊಪ್ಪು ಹಾಕಲ್ಲ. ಕೊಸ್ಸೊ ಮುಗೀತು. ಹಸಿ ಮಾಂಸಾನೂ ಮುಗೀತು, ಇಲ್ಲಾಂದ್ರೆ ಹುಳ ಮತ್ತೆ ಬರುತ್ತೆ, ನೀನು ಮತ್ತೆ ಕದ್ದು ಕೊಸ್ಸೊ ಕುಡೀತೀಯ, ನಂಗೊತ್ತು."

"ನಾನು ಕಿತ್ಫೊ ಮಾಡೋಳು ಸಿಸ್ಟರ್."

"ಮಾಡು. ಬಾಯಿಗಿಡಬೇಡ."

"ಬಾಯಿಗಿಡದೆ ಬಡಿಸೋ ಹಾಗಿಲ್ಲ."

"ಹಾಗಾದ್ರೆ ನಿಮ್ಮ ಇದ್ದಿರ್‌ನವರಿಗೆ ಹೇಳಿಡು, ಗುಂಡಿ ತೋಡಿಟ್ಕೊಂಡಿರ್ಲಿ."

ಹುಳದ ಮಾತ್ರೆಗೆ ಪಥ್ಯವಿರಲಿಲ್ಲ, ಕಹಿಯೂ ಇರಲಿಲ್ಲ. ಹುಳ ತುಂಡು ತುಂಡಾಗಿ ಬಂತು, ತಲೆ ಹುಡುಕಬೇಡ ಎಂದು ಸಿಸ್ಟರ್ ಹೇಳಿದ್ದರೂ ಶಿತಾಯೆ ಕಡ್ಡಿ ಹಿಡಿದು ಹುಡುಕಿದಳು. ಹುಡುಕುತ್ತಾ ಕೂತವಳಿಗೆ ಜೆರ್ಗಾರ ಎಂಟು ಮೊಳ ನೆನಪಾಗಿ, ಅವರೆಲ್ಲರ ಹೊಟ್ಟೆಗೂ ಇದು ತನ್ನ ಕೈಯಿಂದಲೇ ಹೋಯಿತಲ್ಲ ಎಂದು ಹೊಳೆದು, ಪಾಯಿಖಾನೆಯ ಗೋಡೆ ಹಿಡಿದುಕೊಂಡು ವಾಂತಿ ಮಾಡಿದಳು. ಇಪ್ಪತ್ತು ವರ್ಷ ನೊಣ ಕೂತ ಮೂಲೆ ಕೆತ್ತಿ ಎಸೆದವಳು, ಹುಳದ ಮರಿ ತುಂಬಿದ ಗುಳ್ಳೆಗಳನ್ನು ಬೆಣ್ಣೆ ಹಾಕಿ ಬಡಿಸುತ್ತಿದ್ದಳು.

ಮಾರನೆಯ ದಿನ ಅಂಗಡಿಯಲ್ಲಿ ಕೊಂಬಿನ ಚಮಚೆ ಎತ್ತಿದಳು. ತುಟಿಯವರೆಗೆ ಬಂದದ್ದು ಒಳಗೆ ಹೋಗಲಿಲ್ಲ. ಜೆರ್ಗಾ ತಟ್ಟೆ ಮುಂದಿಟ್ಟುಕೊಂಡು ನೋಡುತ್ತಿದ್ದರು.

"ಯಾಕಮ್ಮಾ? ಮಾಂಸ ಹಳಸಿದೆಯಾ?"

"ಇವತ್ತು ತಂದಿದ್ದು ಗಾಶೆ. ಮರಿಯಮ್ ತಾಯಿಗೆ ಹರಕೆ ಹೊತ್ತಿದ್ದೀನಿ. ಮಳೆ ಮುಗಿದು ಮೆಸ್ಕೆಲ್ ಹಬ್ಬ ಬರೋವರೆಗೆ ಮಾಂಸ ಬಾಯಿಗಿಡಲ್ಲ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಹರಕೆ ಎಂದರೆ ನಮ್ಮಲ್ಲಿ ಎಲ್ಲರೂ ತಲೆ ಬಾಗುತ್ತಾರೆ. ಜೆರ್ಗಾ ಎದೆಗೆ ಕೈಯಿಟ್ಟುಕೊಂಡು, "ಒಳ್ಳೇದಾಯ್ತು. ಅಲ್ಲೀವರೆಗೂ ಮೊದಲ ತುತ್ತು ನಾನು ತಿಂದು ತೋರಿಸ್ತೀನಿ. ಮೆಸ್ಕೆಲ್ ದಿನ ನಿನ್ನ ಹರಕೆ ಬಿಡಿಸೋ ತುತ್ತು ನನ್ನ ಕೈಯಿಂದ. ಇವರೆಲ್ಲ ಸಾಕ್ಷಿ," ಎಂದರು. ಪ್ರೀತಿಯಿಂದ ಇನ್ನೊಬ್ಬರ ಬಾಯಿಗೆ ತುತ್ತಿಡುವುದಕ್ಕೆ ನಾವು ಗುರ್ಷ ಎನ್ನುತ್ತೇವೆ. ಅದನ್ನು ಬೇಡ ಎನ್ನುವುದು ಇಟ್ಟವರ ಮುಖಕ್ಕೆ ಉಗಿದ ಹಾಗೆ. ಶಿತಾಯೆ ತನ್ನ ಕುತ್ತಿಗೆಗೆ ತಾನೇ ಗಡುವು ಕಟ್ಟಿಕೊಂಡಳು.

ಮಳೆಗಾಲವಿಡೀ ಮಾತ್ರೆ ತಪ್ಪಿಸಲಿಲ್ಲ. ಕೊಸ್ಸೊ ಪುಡಿಯನ್ನು ಚರಂಡಿಗೆ ಚೆಲ್ಲಿದಳು. ಹಿತ್ತಲಿಗೆ ಚಪ್ಪಲಿ ಮೆಟ್ಟಿದಳು. ಕೆನ್ನೆ ತುಂಬಿತು, ಕೈಯ ನಡುಕ ನಿಂತಿತು. ಆದರೆ ಊರಿನ ಮೂಗು ಚುರುಕು. ಉಪವಾಸವಲ್ಲದ ದಿನ ಹಸಿ ಮಾಂಸ ಬೇಡ ಎನ್ನುವವರನ್ನು ನಮ್ಮವರು ಸುಮ್ಮನೆ ಬಿಡುವುದಿಲ್ಲ. ಆ ಮಾತ್ರೆ ತಿನ್ನುವವರಿಗೆ ಹಸಿ ಮಾಂಸ ಕೂಡದೆಂದು ಡಾಕ್ಟರು ಹೇಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಮೊದಲು ಬಾವಿಯ ಹತ್ತಿರ ಜೆರ್ಗಾರ ಹೆಂಡತಿಯೇ ಕಿವಿ ಕಚ್ಚಿದಳು.

"ಹರಕೆಯಂತೆ, ಹರಕೆ! ಗಂಡ ಹೋದದ್ದು ಯಾವುದರಲ್ಲಿ ಅಂತ ನೆನಪಿದೆಯಾ?"

"ಅದು ಶ್ವಾಸಕೋಶ ಅಲ್ವೇನೇ?"

"ಹೂಂ, ಶ್ವಾಸಕೋಶ. ನಂಬು ನೀನು."

ಒಬ್ಬ ಗಿರಾಕಿ ಮುಕ್ಕಾಲಿಯನ್ನು ಅಂಗಿಯ ತೋಳಿನಿಂದ ಒರೆಸಿ ಕೂತ. ಇನ್ನೊಬ್ಬ ತನ್ನದೇ ಬಟ್ಟಲನ್ನು ಜೇಬಿನಲ್ಲಿಟ್ಟುಕೊಂಡು ಬಂದ. ಹೊಟ್ಟೆಯಲ್ಲಿ ಆರು ಮೊಳ, ಎಂಟು ಮೊಳ ಸಾಕಿಕೊಂಡವರು ಅವಳ ಬಟ್ಟಲಿಗೆ ಹೇಸಿದರು! ಅವಳಿಗೆ ಮೈಯೆಲ್ಲ ಉರಿದುಹೋಯಿತು. ನನಗೂ ಉರಿಯುತ್ತದೆ. ಆದರೆ ಆ ಬಟ್ಟಲು ತಂದವನನ್ನು ಮನಸ್ಸಿನಲ್ಲೇ ಬೈಯುತ್ತಾ ಹಿಂದಿನ ಬಾಗಿಲಿಗೆ ಹೋದವಳು, ಬಿರ್ಕೆ ಕುಡಿದಿಟ್ಟ ಮುಕ್ಕು ಬಟ್ಟಲಿಗೆ ಬೂದಿ ಹಾಕಿ ಆ ದಿನವೂ ಮೂರು ಸಲ ತಿಕ್ಕಿದಳು. ಮೊದಲಿಗಿಂತ ಜೋರಾಗಿ ತಿಕ್ಕಿದಳು, ಮುಂದಿನ ಬಾಗಿಲಿನವರಿಗೂ ಕೇಳಲಿ ಎಂದು.

ಮೆಸ್ಕೆಲ್ ಬಂತು. ಬೆಟ್ಟದ ತುಂಬ ಹಳದಿ ಹೂವು. ಅಡಿಸ್ ಅಬಾಬಾದಿಂದ ಬಂದ ನೆಂಟರಿಷ್ಟರಿಂದ ಊರು ಬಿರಿಯುತ್ತಿತ್ತು. ಕೇರಿಯವರು ಸೇರಿ ಎತ್ತು ಕಡಿದಿದ್ದರು. ಪಾಲಿನ ಮಾಂಸ ಶಿತಾಯೆಯ ಅಂಗಡಿಗೇ ಬಂತು. ಅವಳಷ್ಟು ನುಣ್ಣಗೆ ಕೊಚ್ಚುವ ಕೈ ಇನ್ನೊಂದಿಲ್ಲ, ಗುಮಾನಿ ಏನೇ ಇರಲಿ. ಮೂವತ್ತು ಜನ ಒಳಗೂ ಹೊರಗೂ ಕೂತರು. ಶಿತಾಯೆ ಬೆರೆಸಿದಳು. ಬೆಣ್ಣೆಯ ಘಮ ಎದ್ದಿತು.

ಜೆರ್ಗಾ ಎದ್ದು ನಿಂತರು. ಕಾಡುಬಾಳೆಯ ರೊಟ್ಟಿಯ ಚೂರಿನಲ್ಲಿ ದೊಡ್ಡ ಮುದ್ದೆ ಕಿತ್ಫೊ ಎತ್ತಿ, ಬೆರಳಲ್ಲಿ ಅದುಮಿ, ಅವಳ ಮುಖದ ಮುಂದೆ ಹಿಡಿದರು. ಕರಗಿದ ಬೆಣ್ಣೆ ಅವರ ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿತ್ತು.

"ಬಾಯಿ ತೆಗಿ ಮಗಳೇ. ಹರಕೆ ತೀರ್ತು, ಊರಿನ ಬಾಯೂ ಮುಚ್ಚಲಿ."

ಕಡೆಯ ಮಾತಿನಿಂದ ಅವಳಿಗೆ ಗೊತ್ತಾಯಿತು, ಇದು ಪ್ರೀತಿಯ ತುತ್ತೂ ಹೌದು, ಪರೀಕ್ಷೆಯೂ ಹೌದು. ಬಾಯಿ ತೆರೆದರೆ ಅಂಗಡಿ ಉಳಿಯುತ್ತದೆ, ಮಾನ ಉಳಿಯುತ್ತದೆ. ಒಂದು ತುತ್ತು ತಾನೇ? ಹುಳ ಬಂದರೆ ಸಿಸ್ಟರ್ ಮಾತ್ರೆ ಕೊಡುತ್ತಾಳೆ. ಆದರೆ ಒಂದಕ್ಕೆ ನಿಲ್ಲುವುದಿಲ್ಲವಲ್ಲ. ಹರಕೆ ತೀರಿದ ಮೇಲೆ ನಾಳೆಯೂ ಚಮಚೆ ಎತ್ತಬೇಕು, ನಾಡಿದ್ದೂ ಎತ್ತಬೇಕು. ಕಾಲಿನ ಮೇಲೆ ಮತ್ತೆ ಅದು ಹರಿಯುತ್ತದೆ. ಹಿಮ್ಮಡಿಯಡಿ ಒಡೆದ ಆ ತಣ್ಣನೆಯ ಪಿಚಕ್ಕು ನೆನಪಾಗಿ ಅವಳ ಹಲ್ಲು ಕಚ್ಚಿಕೊಂಡವು. ಮುದ್ದೆ ತುಟಿಗೆ ತಾಗಿತು. ಅವಳು ಮುಖ ತಿರುಗಿಸಿ ಸೆರಗಿನಿಂದ ತುಟಿ ಒರೆಸಿಕೊಂಡಳು.

"ಬೇಡ ಗಾಶೆ. ನಂಗೆ ಹೇಸಿಗೆ."

"ನನ್ನ ಕೈಗೆ ಹೇಸಿಗೆಯಾ?"

"ನಿಮ್ಮ ಕೈಗೂ, ಈ ಮಾಂಸಕ್ಕೂ, ನಿಮ್ಮ ಎಂಟು ಮೊಳಕ್ಕೂ. ಹರಕೆ ಅಂದಿದ್ದು ಸುಳ್ಳು. ನಂಗೆ ಎಚ್‌ಐವಿ ಇದೆ. ಒಂಬತ್ತು ವರ್ಷದಿಂದ ಮಾತ್ರೆ ತಗೊಳ್ತಿದ್ದೀನಿ. ಹಸಿ ಮಾಂಸ ಇನ್ನು ಬಾಯಿಗಿಡಲ್ಲ, ಬಡಿಸೋದೂ ಇಲ್ಲ. ಬೇಯಿಸಿದ್ದು ಬೇಕಾದೋರು ಕೂತ್ಕೊಳ್ಳಿ."

ಯಾರೋ ತಟ್ಟೆ ಕೆಳಗಿಟ್ಟ ಸದ್ದು. ಜೆರ್ಗಾಗೆ ಆ ಮುದ್ದೆಯನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಅವಳ ತುಟಿ ತಾಗಿದ ತುತ್ತು, ತಾನೂ ತಿನ್ನುವಂತಿಲ್ಲ, ಹಬ್ಬದ ದಿನ ನೆಲಕ್ಕೂ ಹಾಕುವಂತಿಲ್ಲ. ಅದನ್ನು ಹಿಡಿದುಕೊಂಡೇ ಬಾಗಿಲು ದಾಟಿ ಹೋದರು. ಅವರ ಹಿಂದೆ ಹೆಂಡತಿ, ಅವಳ ಹಿಂದೆ ಒಬ್ಬೊಬ್ಬರೇ. "ಮನೇಲಿ ಕಾಯ್ತಿರ್ತಾರೆ," ಎಂದರು ಕೆಲವರು. ಏಳೆಂಟು ಜನ ಉಳಿದರು, ಹಸಿವಿಗೋ, ಕುತೂಹಲಕ್ಕೋ, ನಿಜವಾದ ಮರ್ಯಾದೆಗೋ, ನಾನು ಹೇಳಲಾರೆ.

ಹಿಂದಿನ ಬಾಗಿಲಲ್ಲಿ ಬಿರ್ಕೆ ಎಲೆಯ ಕಟ್ಟು ಹೊತ್ತು ನಿಂತಿದ್ದಳು. ಎಲ್ಲವನ್ನೂ ಕೇಳಿದ್ದಳು. ಶಿತಾಯೆ ನೇರವಾಗಿ ಅಲ್ಲಿಗೆ ಹೋಗಿ, ಗೂಡಿನಿಂದ ಮುಕ್ಕು ಬಟ್ಟಲನ್ನು ತೆಗೆದುಕೊಂಡಳು. ಅದಕ್ಕೇ ಕಾಫಿ ಬಗ್ಗಿಸಿಕೊಂಡು, ಉಳಿದವರೆಲ್ಲ ನೋಡುವಂತೆ ಅಂಗಡಿಯ ನಡುವೆ ನಿಂತು ಕುಡಿದಳು. ಮುಕ್ಕು ಅಂಚು ತುಟಿಗೆ ಚುಚ್ಚಿತು. ಆಮೇಲೆ ಹೊಸ ಬಟ್ಟಲಿಗೆ ಕಾಫಿ ತುಂಬಿ ಬಿರ್ಕೆಯ ಕೈಗೆ ಚಾಚಿದಳು. ತಾನೇನೋ ದೊಡ್ಡದು ಮಾಡಿದೆ ಎಂದು ಅವಳ ಕಣ್ಣು ತುಂಬಿತ್ತು.

"ಒಳಗೆ ಬಾ ಬಿರ್ಕೆ. ಕೂತ್ಕೊಂಡು ಕುಡಿ."

ಬಿರ್ಕೆ ಎಲೆಯ ಕಟ್ಟನ್ನು ಇಳಿಸಿದಳು. ಬಟ್ಟಲಿಗೆ ಕೈ ಹಚ್ಚಲಿಲ್ಲ.

"ನನ್ನ ಬಟ್ಟಲು ಕೊಡಿ ಎತಿಯೆ."

"ಇದು ಒಳ್ಳೇದು, ತಗೋ."

"ಎರಡು ವರ್ಷದ ಹಿಂದೆ ನನ್ನ ತಂಗಿ ಹೆರಿಗೆಗೆ ಅಂತ ವೊಲಿಸೊ ಆಸ್ಪತ್ರೆಗೆ ಹೋಗಿದ್ದೆ. ಮಾತ್ರೆ ಸಾಲಲ್ಲಿ ನೀವು ಕೂತಿದ್ರಿ. ಮುಖ ಮುಚ್ಕೊಂಡಿದ್ರಿ, ಬೆಣ್ಣೆ ಬುಟ್ಟಿ ಮುಚ್ಕೊಂಡಿರ್ಲಿಲ್ಲ." ಬಿರ್ಕೆಯ ಮುಖದಲ್ಲಿ ಎಂದಿನ ನಗು ಇರಲಿಲ್ಲ. "ನಾನು ಯಾರ ಹತ್ರಾನೂ ಬಾಯಿ ಬಿಡಲಿಲ್ಲ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ, ನಂಗಾದ್ರೂ ಹೇಳ್ತಾರೆ ಅಂತ ಕಾದೆ. ನೀವು ಅದೇ ಬಟ್ಟಲಲ್ಲಿ ಕೊಟ್ರಿ. ನನ್ನ ಕಣ್ಣೆದುರಿಗೇ ತಿಕ್ಕಿದ್ರಿ."

ಹೊಸ ಬಟ್ಟಲಿನ ಕಾಫಿ ಶಿತಾಯೆಯ ಬೆರಳಿನ ಮೇಲೆ ತುಳುಕಿತು.

"ಹುಳಕ್ಕೆ ನಂಗೆ ಹೇಸಿಗೆ ಆಗಲ್ಲ ಎತಿಯೆ, ಪಾಪ ಅದು ಹುಳ. ನೀವು ಬಾಯಿಟ್ರಲ್ಲ ಆ ಬಟ್ಟಲಿಗೆ, ಅದಕ್ಕೆ ಆಗುತ್ತೆ." ಬಿರ್ಕೆ ಹೊಸ್ತಿಲ ಹೊರಗೇ, ದಿನಾ ನಿಲ್ಲುವ ಜಾಗದಲ್ಲೇ ನಿಂತು ಮುಕ್ಕು ಬಟ್ಟಲಿನ ಕಡೆ ಕೈ ತೋರಿಸಿದಳು. "ತೊಳ್ಕೊಡಿ. ಮೂರು ಸಲ."

ಉಳಿದ ಏಳೆಂಟು ಜನ ನೋಡುತ್ತಿದ್ದರು. ಶಿತಾಯೆ ಬಾನಿಯ ಹತ್ತಿರ ಕೂತಳು. ಬೂದಿ ತೆಗೆದುಕೊಂಡು, ತನ್ನ ಬಾಯಿ ತಾಗಿದ ಅಂಚನ್ನು ಉಜ್ಜಿ, ನೀರು ಸುರಿದಳು.

"ಒಂದು," ಎಂದಳು ಬಿರ್ಕೆ.